ಟ್ಯಾಪೆಟ್ ಸದ್ದು ನಿಂತಿತು, ಎಂಜಿನ್ನಿನ ಬಲವೂ ಹೋಯಿತು: ಫೀಲರ್ ಗೇಜ್ ಬಳಕೆಯಲ್ಲಿ ಎಲ್ಲಿ ತಪ್ಪಿದ್ದೇನೆ?

ತುಂಗಾತೀರ, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ 1984ರ ಅಂಬಾಸಿಡರ್ ಇನ್ನೂ ಮನೆಯಲ್ಲಿದೆ. 1489 ಸಿಸಿ ಪೆಟ್ರೋಲ್ ಎಂಜಿನ್. ಅವರು ತೀರಿಕೊಂಡ ಮೇಲೆ ಗಾಡಿಯನ್ನು ಮಾರಲು ಮನಸ್ಸು ಬರಲಿಲ್ಲ. ಸಣ್ಣಪುಟ್ಟ ಕೆಲಸಗಳನ್ನು ನಾನೇ ಕಲಿತು ಮಾಡುತ್ತಿದ್ದೇನೆ.

ಎಂಜಿನ್ನಿನ ಮೇಲ್ಭಾಗದಿಂದ ಟಕಟಕ ಸದ್ದು ಬರುತ್ತಿತ್ತು. ಟ್ಯಾಪೆಟ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಅಂತರ) ಸಡಿಲವಾಗಿರಬೇಕೆಂದು ತಿಳಿದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ಬೇರೆ ಬೇರೆ ದಪ್ಪದ ತೆಳು ಬ್ಲೇಡುಗಳ ಕಟ್ಟು, ತಂದೆ. ತಂದೆಯವರ ಹಳೆಯ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ 'ಟ್ಯಾಪೆಟ್ 15' ಎಂದು ಬರೆದಿತ್ತು. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ 15ರ ಬ್ಲೇಡ್ ಹಿಡಿದು ಎಂಟೂ ವಾಲ್ವ್‌ಗಳನ್ನು ಹೊಂದಿಸಿದೆ. ಸದ್ದು ಸಂಪೂರ್ಣ ನಿಂತಿತು. ಈ ಗಾಡಿ ಇಷ್ಟು ಮೆತ್ತಗೆ ಓಡಿದ್ದನ್ನು ನಾನು ಚಿಕ್ಕಂದಿನಿಂದ ಕೇಳಿರಲಿಲ್ಲ.

ಆಮೇಲೆ ಸುಮಾರು 400 ಕಿಲೋಮೀಟರ್ ಓಡಿಸಿದ್ದೇನೆ. ಮೊನ್ನೆ ಉಡುಪಿಯಿಂದ ಮರಳುವಾಗ ಆಗುಂಬೆ ಘಾಟಿಯಲ್ಲಿ ಎರಡನೇ ಗೇರಿನಲ್ಲೂ ಗಾಡಿ ಎಳೆಯಲಿಲ್ಲ. ನಿಂತಲ್ಲಿ ಎಂಜಿನ್ ನಡುಗುತ್ತದೆ. ಸೈಲೆನ್ಸರಿನ ಬಾಯಿಗೆ ಕೈ ಅಡ್ಡ ಹಿಡಿದರೆ ಗಾಳಿ ಒಂದೇ ಸಮನೆ ಬರದೆ ನಡುನಡುವೆ ತಪ್ಪುತ್ತದೆ. ಸಿಲಿಂಡರುಗಳೊಳಗಿನ ಒತ್ತಡ, ಅಂದರೆ ಕಂಪ್ರೆಷನ್, ಅಳೆದಾಗ ಒಂದರಿಂದ ನಾಲ್ಕರವರೆಗೆ 125, 120, 85, 122 ಪಿಎಸ್‌ಐ ಬಂತು. ಮೂರನೇ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದರೂ 88 ದಾಟಲಿಲ್ಲ. ಪ್ಲಗ್, ಕಾರ್ಬುರೇಟರ್ ಎರಡನ್ನೂ ನೋಡಿಯಾಯಿತು. ತಿಳಿದವರು ದಾರಿ ತೋರಿಸಬೇಕು.

ಹುಬ್ಬಳ್ಳಿ ಗ್ಯಾರೇಜ್:

ಮೊದಲು ಒಂದು ಮಾತು: ಇನ್ನು ಗಾಡಿಯನ್ನು ಸ್ಟಾರ್ಟ್ ಮಾಡಬೇಡಿ. ನೀವು ಬಳಸಿದ ಬ್ಲೇಡಿನ ಮೇಲೆ ಎರಡು ಸಂಖ್ಯೆಗಳು ಕೊರೆದಿರುತ್ತವೆ. ಎರಡನ್ನೂ ಇದ್ದ ಹಾಗೆಯೇ ಇಲ್ಲಿ ಬರೆಯಿರಿ.

ತುಂಗಾತೀರ, ಶಿವಮೊಗ್ಗ:

ಒಂದು ಕಡೆ 0.15 ಮಿ.ಮೀ. ಎಂದಿದೆ. ಅದರ ಪಕ್ಕದಲ್ಲಿ .006 ಎಂದಿದೆ.

ಹುಬ್ಬಳ್ಳಿ ಗ್ಯಾರೇಜ್:

ಸಿಕ್ಕಿತು. ನಿಮ್ಮ ತಂದೆಯವರು ಬರೆದದ್ದು ಸರಿಯಾಗಿಯೇ ಇದೆ. ಅವರ ಕಾಲದ ಮೆಕ್ಯಾನಿಕ್ಕುಗಳು '15' ಎಂದರೆ ಹದಿನೈದು ಥೌ, ಅಂದರೆ ಒಂದು ಅಂಗುಲದ ಸಾವಿರದಲ್ಲಿ ಹದಿನೈದು ಭಾಗ. ಮಿಲಿಮೀಟರಿನಲ್ಲಿ ಅದು 0.38. ನೀವು ಹಾಕಿದ್ದು 0.15, ಅಂದರೆ ಆರು ಥೌ. ಬೇಕಾದ ಅಂತರದ ಅರ್ಧವೂ ಇಲ್ಲ. ಅದರ ಮೇಲೆ ಆ ಹದಿನೈದು ಥೌ ಎಂಜಿನ್ ಬಿಸಿಯಾಗಿದ್ದಾಗ ಇರಬೇಕಾದ ಅಳತೆ. ನೀವು ತಣ್ಣಗಿದ್ದಾಗ ಹೊಂದಿಸಿದಿರಿ.

ಸದ್ದು ನಿಂತಿದ್ದು ಅದಕ್ಕೇ. ಅಂತರವೇ ಇಲ್ಲದ ಕಡೆ ಲೋಹಕ್ಕೆ ಲೋಹ ಬಡಿಯುವುದೆಲ್ಲಿ? ಆದರೆ ವಾಲ್ವ್ ಬಿಸಿಯಾಗಿ ಉದ್ದವಾದಾಗ ಅದಕ್ಕೆ ಬೆಳೆಯಲು ಜಾಗ ಬೇಕು. ಜಾಗ ಇಲ್ಲದಿದ್ದರೆ, ವಾಲ್ವನ್ನು ಒತ್ತಿ ತೆರೆಯುವ ರಾಕರ್ ಅದನ್ನು ಒತ್ತಿಯೇ ಹಿಡಿದಿರುತ್ತದೆ. ವಾಲ್ವ್ ತಾನು ಮುಚ್ಚಿಕೊಳ್ಳುವ ಅಂಚಿನ, ಅಂದರೆ ಸೀಟಿನ, ಮೇಲೆ ಪೂರ್ತಿ ಕೂರುವುದಿಲ್ಲ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಹೆಚ್ಚಿನ ಪಾಲನ್ನು ಸೀಟಿನ ಮೂಲಕವೇ ಹೆಡ್ಡಿಗೆ (ಸಿಲಿಂಡರುಗಳ ಮೇಲಿನ ಮುಚ್ಚಳಕ್ಕೆ) ದಾಟಿಸುತ್ತದೆ. ಕೂರುವುದು ಒಂದು ಕೂದಲೆಳೆಯಷ್ಟು ತಪ್ಪಿದರೂ ಉರಿಯುವ ಅನಿಲ ಆ ಸಂದಿಯಲ್ಲಿ ನುಗ್ಗಿ ವಾಲ್ವಿನ ಅಂಚನ್ನು ಸುಡುತ್ತದೆ. ಆಯಿಲ್ ಹಾಕಿದರೂ ಕಂಪ್ರೆಷನ್ ಏರಲಿಲ್ಲ ಎಂದಿರಿ. ಪಿಸ್ಟನ್ ರಿಂಗ್ ಸವೆದಿದ್ದರೆ ಆ ಆಯಿಲ್ ಸಂದಿ ಮುಚ್ಚಿ ಏರುತ್ತಿತ್ತು. ಇದು ವಾಲ್ವಿನ ಸೋರಿಕೆ.

ಮೂರನೆಯದೇ ಏಕೆ ಎಂದು ನಿಮಗೆ ಅನ್ನಿಸಬಹುದು. ಈ ಎಂಜಿನ್ನಿನಲ್ಲಿ ಎರಡನೇ ಮತ್ತು ಮೂರನೇ ಸಿಲಿಂಡರುಗಳ ಎಕ್ಸಾಸ್ಟ್ ಹೊರಬೀಳುವುದು ನಡುವಿನ ಒಂದೇ ಕಿಂಡಿಯಿಂದ. ಎರಡು ವಾಲ್ವ್‌ಗಳು ಅಕ್ಕಪಕ್ಕ ಕುಳಿತು ಒಂದೇ ಒಲೆಯ ಬಿಸಿ ಕುಡಿಯುತ್ತವೆ. ನನ್ನ ಕೈಗೆ ಬಂದ ಅಂಬಾಸಿಡರುಗಳಲ್ಲಿ ಸುಟ್ಟ ವಾಲ್ವ್ ಸಿಕ್ಕಿದ್ದು ಹೆಚ್ಚಾಗಿ ಆ ಜೋಡಿಯಲ್ಲೇ.

ಈಗ ಎಂಟನ್ನೂ ತಣ್ಣಗಿರುವಾಗಲೇ 0.38ಕ್ಕೆ ಒಮ್ಮೆ ಹೊಂದಿಸಿ. ಇಪ್ಪತ್ತು ನಿಮಿಷ ನಿಂತಲ್ಲೇ ಓಡಿಸಿ, ಬಿಸಿಯಾದ ಮೇಲೆ ನಿಲ್ಲಿಸಿ ಮತ್ತೆ ಪರೀಕ್ಷಿಸಿ, ಕಂಪ್ರೆಷನ್ ಅಳೆಯಿರಿ. ಮೂರನೆಯದು ಮೇಲೆ ಬಂದರೆ ನಿಮ್ಮ ಪುಣ್ಯ. ಬಾರದಿದ್ದರೆ ಹೆಡ್ ಬಿಚ್ಚಬೇಕು.

ಯಾವ ವಾಲ್ವ್ ಯಾವಾಗ ಅಳೆಯಬೇಕೆಂಬುದಕ್ಕೆ ಒಂಬತ್ತರ ಲೆಕ್ಕ ಇಟ್ಟುಕೊಳ್ಳಿ. ಮುಂದಿನಿಂದ ಹಿಂದಕ್ಕೆ 1ರಿಂದ 8 ಎಣಿಸಿ. ಎಂಟನೆಯ ವಾಲ್ವ್ ಪೂರ್ತಿ ತೆರೆದಿರುವಾಗ ಒಂದನೆಯದನ್ನು ಹೊಂದಿಸಬೇಕು. ಆರು ತೆರೆದಾಗ ಮೂರು, ನಾಲ್ಕು ತೆರೆದಾಗ ಐದು. ಎರಡೂ ಕೂಡಿದರೆ ಒಂಬತ್ತು. ಪ್ಲಗ್‌ಗಳನ್ನು ಬಿಚ್ಚಿಟ್ಟರೆ ಎಂಜಿನ್ ಹಗುರವಾಗಿ ತಿರುಗುತ್ತದೆ.

ಐಟಿಐ ಬೋಧಕಿ, ತುಮಕೂರು:

ಗ್ಯಾರೇಜಿನವರು ಹೇಳಿದ್ದಕ್ಕೆ ಬೆರಳಿನ ವಿಷಯವನ್ನು ಸೇರಿಸುತ್ತೇನೆ. ಮೊದಲ ವರ್ಷದ ಮಕ್ಕಳಿಗೆ ನಾನು ಎಂಜಿನ್ ಮುಟ್ಟಿಸುವ ಮೊದಲು ಕಲಿಸುವುದು ಇದನ್ನೇ.

ಸಂಖ್ಯೆ ಸರಿಯಾಗಿದ್ದರೂ ಕೈ ತಪ್ಪಿದರೆ ಅಳತೆ ತಪ್ಪುತ್ತದೆ. ಬ್ಲೇಡ್ ಯಾವ ತಡೆಯೂ ಇಲ್ಲದೆ ಜಾರಿದರೆ ಅಂತರ ಹೆಚ್ಚಾಯಿತು. ತಳ್ಳುವಾಗ ಬ್ಲೇಡ್ ಬಿಲ್ಲಿನಂತೆ ಬಾಗಿದರೆ ಕಡಿಮೆಯಾಯಿತು. ಎರಡು ಬೆರಳಿನಲ್ಲಿ ಹಿಡಿದು ಎಳೆದಾಗ, ದಪ್ಪ ಪುಸ್ತಕದ ಅಡಿಯಿಂದ ಒಂದು ಹಾಳೆ ಎಳೆದಂತೆ ಒಂದೇ ಸಮನಾದ ಸಣ್ಣ ಹಿಡಿತ ಸಿಗಬೇಕು. 'ಹಿಡಿತ' ಎಂದು ಬಾಯಲ್ಲಿ ಹೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥವಾಗುತ್ತದೆ. ಆದ್ದರಿಂದ ನಾನು ಮೈಕ್ರೋಮೀಟರನ್ನು ವೈಸಿನಲ್ಲಿ ಮೆತ್ತಗೆ ಹಿಡಿಸಿ 0.40ಕ್ಕೆ ಇಟ್ಟು, 0.40ರ ಬ್ಲೇಡನ್ನು ಅದರ ನಡುವೆ ಎಳೆಸುತ್ತೇನೆ. ಆಮೇಲೆ ಮಕ್ಕಳಿಗೆ ಹೇಳದೆ 0.41 ಮಾಡುತ್ತೇನೆ, 0.43 ಮಾಡುತ್ತೇನೆ. ಮೊದಲ ದಿನ ಯಾರಿಗೂ ತಿಳಿಯುವುದಿಲ್ಲ. ವಾರದ ಕೊನೆಗೆ ಹೆಚ್ಚಿನವರು ಕಣ್ಣು ಮುಚ್ಚಿಕೊಂಡೇ ವ್ಯತ್ಯಾಸ ಹೇಳುತ್ತಾರೆ. ಆ ಕ್ಷಣದಲ್ಲಿ ಅವರ ಮುಖ ನೋಡುವುದು ನನಗೆ ಈ ವೃತ್ತಿಯ ದೊಡ್ಡ ಸುಖ.

ಮೈಕ್ರೋಮೀಟರ್ ಇಲ್ಲದ ಮನೆಯಲ್ಲಿ ಮೂರು ಬ್ಲೇಡುಗಳಿಂದ ಪರೀಕ್ಷಿಸಿ. ಬೇಕಾದದ್ದು ಹಿಡಿತದೊಂದಿಗೆ ಹೋಗಬೇಕು, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಸಲೀಸಾಗಿ ಹೋಗಬೇಕು, ಒಂದು ಮೆಟ್ಟಿಲು ಮೇಲಿನದು ಹೋಗಲೇಬಾರದು. ಹೊಸಬರು ಬಿಟ್ಟುಬಿಡುವುದು ಈ ಮೂರನೆಯ ಪರೀಕ್ಷೆಯನ್ನೇ.

ಲಾಕ್ ನಟ್ ಬಿಗಿ ಮಾಡುವಾಗ ಅಂತರ ಹೊಂದಿಸುವ ಸ್ಕ್ರೂ ಅದರ ಜೊತೆಗೆ ಸ್ವಲ್ಪ ತಿರುಗುತ್ತದೆ. ಬ್ಲೇಡ್ ಒಳಗಿದ್ದಂತೆಯೇ, ಒಂದು ಕೈಯಲ್ಲಿ ಸ್ಕ್ರೂಡ್ರೈವರ್ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ನಟ್ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಿರಿ. ಎಲ್ಲವೂ ಮುಗಿದ ಮೇಲೆ ಎಂಜಿನ್ನನ್ನು ಎರಡು ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯಿರಿ.

ಬೇಕಾದ ದಪ್ಪದ ಬ್ಲೇಡ್ ಇಲ್ಲದಿದ್ದರೆ 0.30 ಮತ್ತು 0.08 ಸೇರಿಸಿ 0.38 ಮಾಡಬಹುದು. ಆದರೆ ಎರಡರ ನಡುವಿನ ಎಣ್ಣೆ ಮತ್ತು ಧೂಳು ತಾವೂ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಒರೆಸಿ ಒಣಗಿಸಿಯೇ ಜೋಡಿಸಿ. ಮೂರಕ್ಕಿಂತ ಹೆಚ್ಚು ಬೇಡ.

ಆಟೋ ಚಾಲಕ, ಯಶವಂತಪುರ:

ಮೇಡಂ, ನನ್ನದು ಎಲ್‌ಪಿಜಿ ಆಟೋ. ಸದ್ದು ಬಂದಾಗ ಮಾತ್ರ ಟ್ಯಾಪೆಟ್ ನೋಡಿಸುತ್ತಿದ್ದೆ. ಹೋದ ವರ್ಷ ಯಾವ ಸದ್ದೂ ಇಲ್ಲದೆಯೇ ವಾಲ್ವ್ ಹೋಯಿತು. ಎರಡು ದಿನದ ದುಡಿಮೆ ಹೋಯಿತು, ರಿಪೇರಿ ಖರ್ಚು ಬೇರೆ. ಅದು ಹೇಗಾಯಿತು ಎಂದು ಯಾರೂ ನನಗೆ ಬಿಡಿಸಿ ಹೇಳಲಿಲ್ಲ. ಈ ಚರ್ಚೆ ಓದಿದ ಮೇಲೆ ಕೇಳಬೇಕೆನಿಸಿತು.

ಹುಬ್ಬಳ್ಳಿ ಗ್ಯಾರೇಜ್:

ತಮ್ಮಾ, ಗ್ಯಾಸಿನ ಎಂಜಿನ್ನಿನಲ್ಲಿ ನಿನಗಾದದ್ದು ಸಾಮಾನ್ಯ. ಗ್ಯಾಸ್ ಒಣದಾಗಿ ಉರಿಯುತ್ತದೆ. ವಾಲ್ವ್ ತನ್ನ ಸೀಟನ್ನು ಬಡಿದು ಬಡಿದು ನಿಧಾನವಾಗಿ ಒಳಗೆ ಕುಸಿಯುತ್ತದೆ. ವಾಲ್ವ್ ಒಳಗೆ ಹೋದಷ್ಟೂ ಅದರ ಬಾಲ ರಾಕರಿನ ಕಡೆಗೆ ಏರುತ್ತದೆ, ಅಂತರ ಕಿರಿದಾಗುತ್ತದೆ. ಅಂದರೆ ಗಾಡಿ ಓಡಿದಷ್ಟೂ ಸದ್ದು ಕಡಿಮೆಯಾಗುತ್ತಾ ಹೋಗುತ್ತದೆ. ಸದ್ದಿಗಾಗಿ ಕಾದು ಕುಳಿತರೆ ಅದು ಬರುವುದೇ ಇಲ್ಲ. ಕಂಪನಿಯ ಪುಸ್ತಕದಲ್ಲಿ ಎಷ್ಟು ಕಿಲೋಮೀಟರಿಗೆ ನೋಡಬೇಕೆಂದು ಬರೆದಿದೆಯೋ ಅಷ್ಟಕ್ಕೆ ಸರಿಯಾಗಿ ಬ್ಲೇಡ್ ಹಾಕಿಸು. ನಿನ್ನ ಎದುರಿಗೇ ಹಾಕಿಸು, ಅಳತೆ ಎಷ್ಟು ಬಂತು ಎಂದು ಪ್ರತಿ ಸಲವೂ ಒಂದು ಡೈರಿಯಲ್ಲಿ ಬರೆದಿಡು. ಅಂತರ ಸಲದಿಂದ ಸಲಕ್ಕೆ ಎಷ್ಟು ಕುಗ್ಗುತ್ತಿದೆ ಎಂದು ತಿಳಿದರೆ ಸೀಟು ಯಾವಾಗ ಕೈಕೊಡುತ್ತದೆ ಎಂದು ಮೊದಲೇ ಗೊತ್ತಾಗುತ್ತದೆ.

ಆಟೋ ಚಾಲಕ, ಯಶವಂತಪುರ:

ಆಗಲಿ ಅಣ್ಣಾ. ನಾಳೆಯೇ ಒಂದು ಡೈರಿ ತರುತ್ತೇನೆ.

ತುಂಗಾತೀರ, ಶಿವಮೊಗ್ಗ:

ಹೇಳಿದಂತೆ ಮಾಡಿದೆ. ಒಂಬತ್ತರ ಲೆಕ್ಕ ಬಹಳ ಸಹಾಯ ಮಾಡಿತು. ಮೂರನೇ ಸಿಲಿಂಡರ್ 85ರಿಂದ 100ಕ್ಕೆ ಬಂದು ಅಲ್ಲೇ ನಿಂತಿತು, ಹಾಗಾಗಿ ಹೆಡ್ ಬಿಚ್ಚುವುದು ಖಚಿತ. ತಂದೆಯವರ ಪುಸ್ತಕದಲ್ಲಿ ಆ '15'ರ ಪಕ್ಕ 'ಥೌ, 0.38 ಮಿ.ಮೀ., ಬಿಸಿಯಲ್ಲಿ' ಎಂದು ಸೇರಿಸಿ ಬರೆದೆ.

ಇನ್ನೊಂದು ಸಂಶಯ. ಏಳೂ ವಾಲ್ವ್‌ಗಳು ಈಗ ಸಣ್ಣದಾಗಿ ಒಂದೇ ರೀತಿ ಸದ್ದು ಮಾಡುತ್ತವೆ. ಆರನೆಯದು ಮಾತ್ರ ಎದ್ದು ಕೇಳುತ್ತದೆ. ಬ್ಲೇಡ್ ಹಾಕಿದರೆ 0.38 ಸರಿಯಾಗಿಯೇ ಹಿಡಿಯುತ್ತದೆ, ಅದರ ಮೇಲಿನದು ಹೋಗುವುದಿಲ್ಲ. ಇದರಲ್ಲಿ ಗೇಜ್ ಸುಳ್ಳು ಹೇಳುತ್ತಿದೆಯೇ?

ಹುಬ್ಬಳ್ಳಿ ಗ್ಯಾರೇಜ್:

ಹೌದು, ಹೇಳುತ್ತಿದೆ. ರಾಕರಿನ ಮೂಗನ್ನು ತಿರುಗಿಸಿ ನೋಡಿ. ವಾಲ್ವಿನ ಬಾಲ ತಾಗುವ ಜಾಗದಲ್ಲಿ ಹೆಬ್ಬೆರಳ ಉಗುರಿಗೆ ಸಿಗುವಂಥ ಒಂದು ಗುಳಿ ಬಿದ್ದಿರುತ್ತದೆ. ಬ್ಲೇಡ್ ಅಗಲ, ಗುಳಿ ಕಿರಿದು. ಹೊಂಡದ ಮೇಲೆ ಹಲಗೆ ಹಾಕಿದಂತೆ ಬ್ಲೇಡ್ ಗುಳಿಯ ಎರಡು ದಂಡೆಗಳ ಮೇಲೆ ಕೂರುತ್ತದೆ. ಅದು ಅಳೆಯುವುದು ದಂಡೆಯಿಂದ ಇರುವ ಅಂತರವನ್ನು; ವಾಲ್ವ್ ಬಡಿಯುವುದು ಗುಳಿಯ ತಳಕ್ಕೆ. ನಿಜವಾದ ಅಂತರ ಗುಳಿಯ ಆಳದಷ್ಟು ಹೆಚ್ಚಿರುತ್ತದೆ. ಹೆಡ್ ಬಿಚ್ಚಿದಾಗ ಆ ರಾಕರನ್ನು ಉಜ್ಜಿಸಿ ಸಮ ಮಾಡಿಸಿ, ಇಲ್ಲವೇ ಬದಲಿಸಿ. ಅಲ್ಲಿಯವರೆಗೆ ಡಯಲ್ ಗೇಜ್ ಇದ್ದವರ ಹತ್ತಿರ ಅಳೆಸಿದರೆ ನಿಜ ತಿಳಿಯುತ್ತದೆ. ಕೇಳಿದ ಸದ್ದನ್ನು ನಂಬಿ ಬ್ಲೇಡನ್ನು ಪ್ರಶ್ನಿಸಿದಿರಲ್ಲ, ಸರಿಯಾದ ಕೆಲಸ ಮಾಡಿದಿರಿ.

ಮೈಸೂರು ಯೆಜ್ಡಿ:

ಇದೇ ಗುಳಿಯ ಕಥೆ ನಮ್ಮ ಗಾಡಿಗಳಲ್ಲೂ ಇದೆ. ಮೈಸೂರಿನ ಕಾರ್ಖಾನೆಯಲ್ಲೇ ತಯಾರಾದ ಈ ಟೂ-ಸ್ಟ್ರೋಕ್ ಬೈಕುಗಳಿಗೆ ವಾಲ್ವೂ ಇಲ್ಲ, ಟ್ಯಾಪೆಟ್ಟೂ ಇಲ್ಲ. ಆದರೂ ಫೀಲರ್ ಗೇಜ್ ಇಲ್ಲದೆ ನಮಗೆ ದಿನ ಸಾಗುವುದಿಲ್ಲ, ಏಕೆಂದರೆ ಪಾಯಿಂಟಿನ (ಪ್ಲಗ್ಗಿನ ಕಿಡಿಗಾಗಿ ವಿದ್ಯುತ್ತನ್ನು ಕಡಿಯುವ ಎರಡು ಲೋಹದ ತುದಿಗಳ) ಅಂತರ ಇದೆ. ಓಡಿದಂತೆ ಪಾಯಿಂಟಿನ ಒಂದು ಮುಖದಲ್ಲಿ ಗುಬುಟು ಏಳುತ್ತದೆ, ಎದುರು ಮುಖದಲ್ಲಿ ಗುಳಿ ಬೀಳುತ್ತದೆ. ಬ್ಲೇಡ್ ಗುಬುಟಿನ ತುದಿಗೆ ತಾಗಿ ನಿಂತು ಅಂತರ ಕಡಿಮೆ ಎಂದು ತೋರಿಸುತ್ತದೆ. ಅದನ್ನು ನಂಬಿ ತೆರೆದರೆ ಅಗತ್ಯಕ್ಕಿಂತ ಹೆಚ್ಚು ತೆರೆಯುತ್ತೀರಿ. ಪಾಯಿಂಟ್ ಬೇಗ ಬಿಟ್ಟುಕೊಳ್ಳುತ್ತದೆ, ಟೈಮಿಂಗ್ ಮುಂದೆ ಹೋಗುತ್ತದೆ (ಕಿಡಿ ಬೇಗ ಬರುತ್ತದೆ), ಎಂಜಿನ್ ಕಾಯುತ್ತದೆ. ಮೊದಲು ಎರಡೂ ಮುಖಗಳನ್ನು ಸಣ್ಣ ಅರದಿಂದ ಸಮ ಮಾಡಿ, ಒರೆಸಿ, ಆಮೇಲೆ ಅಂತರ. ಅಂತರ ಮುಗಿದ ಮೇಲೆಯೇ ಟೈಮಿಂಗ್. ಈ ಕ್ರಮ ತಿರುವುಮುರುವಾದರೆ ಸಂಜೆಯವರೆಗೂ ಹೊಂದಿಸುತ್ತಲೇ ಇರುತ್ತೀರಿ.

ಒಂದು ಎಚ್ಚರಿಕೆ: ಎಣ್ಣೆ ಬ್ಲೇಡನ್ನು ಪಾಯಿಂಟಿನ ನಡುವೆ ತೂರಿಸಬೇಡಿ. ಆ ಎಣ್ಣೆ ಕಿಡಿಗೆ ಸುಟ್ಟು ಕರಿಯಾಗುತ್ತದೆ, ಕಿಡಿ ದುರ್ಬಲವಾಗುತ್ತದೆ.

ಬೈಕ್ ಹುಡುಗ, ರಾಯಚೂರು:

ಅಣ್ಣಂದಿರೇ, ನನ್ನ ಹೋಂಡಾ ಬೈಕಿನ ಪುಸ್ತಕದಲ್ಲಿ ಎಂಜಿನ್ 35 ಡಿಗ್ರಿಗಿಂತ ಕಡಿಮೆ ಇರುವಾಗ ವಾಲ್ವ್ ಅಂತರ ನೋಡಬೇಕು ಎಂದಿದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲೇ 40 ದಾಟುತ್ತದೆ. ಗಾಡಿಯನ್ನು ಒಂದು ಗಂಟೆ ನಿಲ್ಲಿಸಿದರೆ ಸಾಕು ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ಸಾಕೇ?

ಐಟಿಐ ಬೋಧಕಿ, ತುಮಕೂರು:

ಸಾಲದು. ಸುತ್ತಲಿನ ಗಾಳಿಯೇ 40 ಇರುವಾಗ ಎಂಜಿನ್ ಎಷ್ಟು ಹೊತ್ತು ನಿಂತರೂ 35ಕ್ಕೆ ಇಳಿಯಲಾರದು. ರಾತ್ರಿಯಿಡೀ ನಿಲ್ಲಿಸಿ, ಬೆಳಗಿನ ಜಾವ ಸ್ಟಾರ್ಟ್ ಮಾಡುವ ಮೊದಲೇ ಕೆಲಸ ಮಾಡಿಸಿ. ಗ್ಯಾರೇಜಿನವರು ಬೆಳಿಗ್ಗೆ ಮಾಡುವುದಾದರೆ ಹಿಂದಿನ ಸಂಜೆಯೇ ಗಾಡಿ ಬಿಟ್ಟುಬನ್ನಿ. ಓಡಿಸಿಕೊಂಡು ಹೋದರೆ ಮತ್ತೆ ಬಿಸಿಯಾಗುತ್ತದೆ. ಸಣ್ಣ ಬೈಕಿನಲ್ಲಿ ಅಂತರವೇ ಬಹಳ ಚಿಕ್ಕದು. ಅಂಬಾಸಿಡರಿನ 0.38ರಲ್ಲಿ 0.03 ತಪ್ಪಿದರೆ ಗಾಡಿ ತಡೆದುಕೊಳ್ಳುತ್ತದೆ. 0.08ರಲ್ಲಿ 0.03 ತಪ್ಪಿದರೆ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚೇ ಹೋದಂತೆ.

ಈಚಿನ ಕೆಲವು ಬೈಕುಗಳಲ್ಲಿ ಸ್ಕ್ರೂ ಇರುವುದಿಲ್ಲ, ಶಿಮ್ ಎಂಬ ನಿಗದಿತ ದಪ್ಪದ ಸಣ್ಣ ಬಿಲ್ಲೆ ಇರುತ್ತದೆ. ಅಲ್ಲಿ ಬ್ಲೇಡಿನ ಅಳತೆಯೇ ಲೆಕ್ಕದ ಬುನಾದಿ. ಅಳೆದದ್ದು 0.10, ಬೇಕಾದದ್ದು 0.15, ಒಳಗಿರುವ ಶಿಮ್ 2.50 ಎಂದಿಟ್ಟುಕೊಳ್ಳಿ. ಹೊಸ ಶಿಮ್ 2.45 ಆಗಬೇಕು. ಬ್ಲೇಡನ್ನು ಒರಟಾಗಿ ತುರುಕಿ 0.10 ಎಂದು ಬರೆದುಕೊಂಡರೆ ತಪ್ಪು ಶಿಮ್ ತಂದು ಕ್ಯಾಮ್ ಶಾಫ್ಟನ್ನು ಎರಡನೇ ಸಲ ಬಿಚ್ಚಬೇಕಾಗುತ್ತದೆ.

ಕಡಲ ಗಾಳಿ, ಮಲ್ಪೆ:

ನನ್ನದು ಗೇಜಿನ ಆರೈಕೆಯ ಪ್ರಶ್ನೆ. ಒಳ್ಳೆಯ ಗೇಜನ್ನೇ ಕೊಂಡಿದ್ದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟೂಲ್ ಪೆಟ್ಟಿಗೆಯಲ್ಲಿಟ್ಟೆ. ಮಳೆಗಾಲ ಕಳೆದು ತೆಗೆದರೆ ಬ್ಲೇಡುಗಳೆಲ್ಲ ಒಂದಕ್ಕೊಂದು ಅಂಟಿ ತುಕ್ಕು ಹಿಡಿದಿವೆ. ಎಮರಿ ಕಾಗದದಲ್ಲಿ ಉಜ್ಜಿದರೆ ಸರಿಯಾಗುತ್ತದೆಯೇ?

ಐಟಿಐ ಬೋಧಕಿ, ತುಮಕೂರು:

ದಯವಿಟ್ಟು ಎಮರಿ ಮುಟ್ಟಿಸಬೇಡಿ. ಬ್ಲೇಡಿನ ಬೆಲೆಯೆಲ್ಲ ಅದರ ದಪ್ಪದಲ್ಲಿದೆ. ಎಮರಿ ತಿನ್ನುವುದು ಆ ದಪ್ಪವನ್ನೇ. 0.05ರ ಬ್ಲೇಡಿನಿಂದ 0.01 ಹೋದರೆ ಐದರಲ್ಲೊಂದು ಭಾಗ ಹೋಯಿತು, ಆದರೆ ಮೇಲೆ ಕೊರೆದ ಸಂಖ್ಯೆ 0.05 ಎಂದೇ ಹೇಳುತ್ತಿರುತ್ತದೆ. ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಒರಟು ಹತ್ತಿ ಬಟ್ಟೆಯಿಂದ ಉದ್ದಕ್ಕೆ ಒರೆಸಿ. ಆಮೇಲೆ ಮೈಕ್ರೋಮೀಟರಿನಲ್ಲಿ ಪ್ರತಿ ಬ್ಲೇಡನ್ನು ತುದಿ, ನಡು, ಬುಡ ಹೀಗೆ ಮೂರು ಕಡೆ ಅಳೆಯಿರಿ. ತುಕ್ಕು ತಿಂದು ಗುಳಿ ಬಿದ್ದಿದ್ದರೆ ಆ ಬ್ಲೇಡನ್ನು ಗೇಜಿನಿಂದಲೇ ಬಿಚ್ಚಿ ತೆಗೆದುಬಿಡಿ. ಇದ್ದರೆ ಯಾವತ್ತಾದರೂ ಅವಸರದಲ್ಲಿ ಅದೇ ಕೈಗೆ ಬರುತ್ತದೆ.

ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಹಿಡಿದಿಟ್ಟಿತು. ಬೆರಳ ಬೆವರಿನ ಉಪ್ಪು ಮೊದಲೇ ಬ್ಲೇಡಿನ ಮೇಲಿತ್ತು. ಕೆಲಸ ಮುಗಿದ ಕೂಡಲೇ ಪ್ರತಿ ಬ್ಲೇಡನ್ನು ಬಿಡಿಸಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಎರಡು ಹನಿ ಹಾಕಿ ಸವರಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿಡಿ. ಬಳಸುವ ಮೊದಲು ಆ ಎಣ್ಣೆಯನ್ನು ಒರೆಸಿ ತೆಗೆಯಿರಿ. ಬ್ಯಾಟರಿ ಇಡುವ ಜಾಗದ ಹತ್ತಿರ ಇಡಬೇಡಿ. ಆಸಿಡ್ ಆವಿ ಮಳೆಗಿಂತ ಬೇಗ ತಿನ್ನುತ್ತದೆ. ನಿಮ್ಮ ಊರಿನಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು.

ಹುಬ್ಬಳ್ಳಿ ಗ್ಯಾರೇಜ್:

ಇದಕ್ಕೆ ನನ್ನ ಗ್ಯಾರೇಜಿನ ಎರಡು ಕಟ್ಟುನಿಟ್ಟು. ಗೇಜಿನ ಬ್ಲೇಡಿನಿಂದ ಗ್ಯಾಸ್ಕೆಟ್ ಕೆರೆಯಬಾರದು, ಕಾರ್ಬನ್ ಕೆರೆಯಬಾರದು. ತೆಳು ಬ್ಲೇಡನ್ನು ಒಂಟಿಯಾಗಿ ಹೊರಗೆ ಬಿಡಬಾರದು. ಎರಡು ದಪ್ಪ ಬ್ಲೇಡುಗಳ ನಡುವೆ ಮಡಚಿಡಬೇಕು. ಒಮ್ಮೆ ಮಡಿಕೆ ಬಿದ್ದ ಬ್ಲೇಡ್ ಎಷ್ಟು ನೇರ ಮಾಡಿದರೂ ಆ ಮಡಿಕೆಯ ಜಾಗದಲ್ಲಿ ದಪ್ಪವಾಗಿಯೇ ಅಳೆಯುತ್ತದೆ. ಹುಡುಗರು ಕೆಲಸಕ್ಕೆ ಸೇರಿದ ದಿನವೇ ಇದನ್ನು ಹೇಳುತ್ತೇನೆ. ನಮ್ಮ ಕಡೆ ಇದಕ್ಕೆ ಎಲ್ಲರೂ 'ಫಿಲ್ಲರ್ ಗೇಜ್' ಎನ್ನುತ್ತಾರೆ, ಸಂದಿ ತುಂಬುವ ವಸ್ತು ಎಂದುಕೊಂಡು. ಮೇಡಂ ಹೇಳಿದ ಬೆರಳಿನ ಪಾಠ ಕೇಳಿದ ಮೇಲೆ ಹುಡುಗರಿಗೆ ಸರಿಯಾದ ಹೆಸರನ್ನೇ ಕಲಿಸಬೇಕೆನಿಸಿದೆ. ಮುಟ್ಟಿ ಅರಿಯುವುದೇ ಇದರ ಕೆಲಸ.

ತುಂಗಾತೀರ, ಶಿವಮೊಗ್ಗ:

ಹೆಡ್ ಬಿಚ್ಚಿದೆ. ಐದನೆಯ ವಾಲ್ವಿನ ಅಂಚು ಒಂದು ಕಡೆ ಬೆಳ್ಳಗೆ ಸುಟ್ಟಿದೆ, ಅಂದರೆ ಮೂರನೇ ಸಿಲಿಂಡರಿನ ಎಕ್ಸಾಸ್ಟ್. ಅದನ್ನು ಬದಲಿಸಿ, ಎಂಟಕ್ಕೂ ಗ್ರೈಂಡಿಂಗ್ ಪೇಸ್ಟ್ ಹಾಕಿ ಸೀಟಿಗೆ ಕೂರಿಸಿದೆ. ಸೀಟಿನ ಸುತ್ತ ಬೂದು ಬಣ್ಣದ ಉಂಗುರ ಎಲ್ಲೂ ತುಂಡಾಗದೆ ಬರುವವರೆಗೆ ಬಿಡಲಿಲ್ಲ. ಆರನೆಯ ರಾಕರಿನಲ್ಲಿ ಅಣ್ಣ ಹೇಳಿದ ಗುಳಿ ಇತ್ತು, ಬದಲಿಸಿದೆ.

ಹೆಡ್ಡಿನ ಮುಖವನ್ನೂ ಗೇಜಿನಿಂದಲೇ ಪರೀಕ್ಷಿಸಿದೆ. ಪರಿಚಿತರ ಕಾರ್ಖಾನೆಯಿಂದ ಉಕ್ಕಿನ ನೇರಪಟ್ಟಿ ತಂದು ಉದ್ದಕ್ಕೆ, ಅಡ್ಡಕ್ಕೆ, ಎರಡು ಮೂಲೆಗೆರೆಗಳ ಮೇಲೆ ಇಟ್ಟು ಅಡಿಯಲ್ಲಿ 0.05ರ ಬ್ಲೇಡ್ ತೂರಿಸಲು ನೋಡಿದೆ. ಎಲ್ಲೂ ಹೋಗಲಿಲ್ಲ, ಹಾಗಾಗಿ ಹೆಡ್ ಸಮ ಮಾಡಿಸುವ ಖರ್ಚು ಉಳಿಯಿತು. ಈಗ ಎಲ್ಲ ಜೋಡಿಸಿ ಬಿಸಿಯಲ್ಲಿ 0.38ಕ್ಕೆ ಹೊಂದಿಸಿದ್ದೇನೆ. ಕಂಪ್ರೆಷನ್ 126, 122, 124, 124. ಮೇಲಿನಿಂದ ಹೊಲಿಗೆ ಯಂತ್ರದಂಥ ಸಣ್ಣ ಸದ್ದು ಬರುತ್ತಿದೆ. ತಂದೆಯವರು ಓಡಿಸುತ್ತಿದ್ದಾಗಲೂ ಇದೇ ಸದ್ದಿತ್ತು, ಈಗ ನೆನಪಾಯಿತು.

ಹುಬ್ಬಳ್ಳಿ ಗ್ಯಾರೇಜ್:

ಒಳ್ಳೆಯ ಕೆಲಸ ಮಾಡಿದಿರಿ. ಆದರೆ ಟ್ಯಾಪೆಟ್ ಕವರನ್ನು ಅಂಟಿಸಿಬಿಡಬೇಡಿ. ಹೊಸ ಹೆಡ್ ಗ್ಯಾಸ್ಕೆಟ್ ಬಿಸಿಗೆ ಕುಳಿತುಕೊಳ್ಳುತ್ತದೆ, ಹೆಡ್ ಬೋಲ್ಟುಗಳು ಸ್ವಲ್ಪ ಸಡಿಲವಾಗುತ್ತವೆ. 500 ಕಿಲೋಮೀಟರ್ ಆದ ಮೇಲೆ ಟಾರ್ಕ್ ಪಾನಾದಿಂದ ಕ್ರಮವಾಗಿ ಮತ್ತೆ ಬಿಗಿ ಮಾಡಿ. ಬಿಗಿ ಮಾಡಿದಾಗ ಹೆಡ್ ಕೆಳಗಿಳಿಯುತ್ತದೆ, ಟ್ಯಾಪೆಟ್ ಅಂತರ ಬದಲಾಗುತ್ತದೆ. ಎಂಟನ್ನೂ ಮತ್ತೊಮ್ಮೆ ಅಳೆಯಬೇಕು.

ತುಂಗಾತೀರ, ಶಿವಮೊಗ್ಗ:

ಆಗಲಿ ಅಣ್ಣಾ. ಈವರೆಗೆ 120 ಕಿಲೋಮೀಟರ್ ಆಗಿದೆ. ಮುಂದಿನ ವಾರ ಮತ್ತೆ ಉಡುಪಿಗೆ ಹೋಗುವುದಿದೆ. ಹೋಗಿ ಬಂದರೆ 500ರ ಹತ್ತಿರ ಬರುತ್ತದೆ. ಎಂಟೂ ಅಳತೆಗಳನ್ನು ಇಲ್ಲೇ ಬರೆಯುತ್ತೇನೆ.